ಟವೆಲಿನ ಕೆಳಗಿನ ಕೈ

ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪನ್ನು ನಮ್ಮವ್ವ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಳು. ಮುಂದಿನ ರಜೆಗೆ ದೇವದುರ್ಗಕ್ಕೆ ಬಂದು ನೋಡುತ್ತೇನೆ, ಅದರ ತುಂಬ ಅಣ್ಣನ ಗುಳಿಗೆ ಪಟ್ಟಿಗಳು.

"ಕೆಳಗಿಟ್ರ ಇಲಿ ಕಡೀತಾವ ಯವ್ವಾ. ಇದು ಎತ್ತರದಾಗ ಅದ, ಮುಚ್ಚಳಾನೂ ಅದ," ಅಂದಳು.

"ಅದು ಕಪ್ಪು ಬೇ. ಡಬ್ಬಿ ಅಲ್ಲ."

"ಖಾಲೀನ ಇತ್ತಲ್ಲ?"

ನಾನು ಓದುವ ರಾಯಚೂರಿನ ಕಾನೂನು ಕಾಲೇಜಿನಲ್ಲಿ ಮೂರು ಜಿಲ್ಲೆಯ ಹುಡುಗರ ಬಾಯಿ ಮುಚ್ಚಿಸಿ ತಂದ ಕಪ್ಪದು. ಹೌದು, ಖಾಲಿಯೇ ಇತ್ತು.

ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎದುರಾಳಿ ಎತ್ತುವ ಮೊದಲು ನಮ್ಮ ಕಡೆಯ ಸಡಿಲ ಕಲ್ಲನ್ನು ನಾವೇ ತೋರಿಸಿಬಿಡಬೇಕು ಅಂತ ನನಗೆ ಕಲಿಸಿದ್ದಾರೆ. ಅವನಿಗೆ ಕಾಯಿಲೆ ಬಂದ ಮೇಲೆ ಈ ಕಿಚ್ಚು ಆರಬೇಕಿತ್ತು. ಆರಲಿಲ್ಲ. ಮೊದಲ ಬಿಸಿ ರೊಟ್ಟಿ ಅವನಿಗೆ, ಫ್ಯಾನಿನ ನೇರ ಕೆಳಗಿನ ಜಾಗ ಅವನಿಗೆ. ಹಾಸ್ಟೆಲಿನಿಂದ ಫೋನು ಮಾಡಿದರೆ ಅವ್ವ ನನ್ನ ಆರೋಗ್ಯ ಕೇಳುವ ಮೊದಲು ಅವನು ಉಂಡನೋ ಇಲ್ಲವೋ ಹೇಳುತ್ತಿದ್ದಳು. ನಾನು ಕೇಳಿಯೇ ಇರುತ್ತಿರಲಿಲ್ಲ. ಕಾಯಿಲೆ ಬೀಳುವುದರಲ್ಲೂ ಇವನೇ ಫಸ್ಟ್ ಅನ್ನಿಸುತ್ತಿತ್ತು. ಸಣ್ಣ ಮಾತು, ಗೊತ್ತು. ಆದರೆ ಸಣ್ಣದು ಅಂದಮಾತ್ರಕ್ಕೆ ಸುಳ್ಳಾಗುವುದಿಲ್ಲ.

ಈ ಕಿಚ್ಚು ಶುರುವಾದದ್ದು ಕುರಿ ಸಂತೆಯಲ್ಲಿ. ನಮ್ಮ ಅಜ್ಜ ಕುರಿ ಕಾದವ, ಅಪ್ಪ ಕುರಿ ವ್ಯಾಪಾರದವ. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವ ತನ್ನ ಬಲಗೈ ಮೇಲೆ ಟವೆಲು ಇಳಿಬಿಡುತ್ತಾನೆ, ಕೊಳ್ಳುವವ ಅದರೊಳಗೆ ಕೈ ತೂರಿಸುತ್ತಾನೆ. ಎಷ್ಟು ಬೆರಳು ಹಿಡಿದ, ಯಾವ ಗೆಣ್ಣು ಒತ್ತಿದ ಅನ್ನುವುದೇ ಬೆಲೆ. ಒಳಗೆ ಬೆರಳುಗಳು ಜಗ್ಗಾಡುತ್ತಿರುವಾಗ ಮೇಲೆ ಇಬ್ಬರೂ ಮಳೆಯದೋ ಮದುವೆಯದೋ ಮಾತಾಡುತ್ತಿರುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಬೆಲೆ ಗೊತ್ತಾಗಬಾರದು, ಅದಕ್ಕೆ ಈ ಪದ್ಧತಿ. ಹೈಸ್ಕೂಲು ಮುಗಿಸುವ ಮೊದಲೇ ಅಣ್ಣ ಇದರಲ್ಲಿ ಅಪ್ಪನನ್ನು ಮೀರಿಸಿದ್ದ. ಮುಖದಲ್ಲಿ ಒಂದು ನರ ಅಲ್ಲಾಡುತ್ತಿರಲಿಲ್ಲ. ಮುದುಕ ಗಿರಾಕಿಗಳು ಕೈ ಹೊರಗೆಳೆದು, "ಈ ಹುಡುಗನ ಕೈಯಾಗ ನಾಲಿಗಿ ಅದಲೇ," ಅನ್ನುತ್ತಿದ್ದರು.

ನನಗೂ ಕಲಿಸು ಅಂತ ಅಪ್ಪನಿಗೆ ಗಂಟು ಬಿದ್ದಿದ್ದೆ.

"ಹೆಣ್ಣುಡುಗಿ ಕೈ ಕಂಡವರೆಲ್ಲ ಟವೆಲ್ ಒಳಗ ಹಿಡೀಬೇಕೇನು?" ಅಂದ.

"ಹಂಗಾರ ಟವೆಲ್ ತೆಗೀರಿ. ಎಲ್ಲರೂ ನೋಡ್ಲಿ."

ಸುತ್ತ ನಿಂತವರು ನಕ್ಕರು, ಅಪ್ಪನೂ ನಕ್ಕ. ಮಾತು ಗೆದ್ದೆ. ಕೈ ಮಾತ್ರ ಯಾರೂ ಕಲಿಸಲಿಲ್ಲ. ಅವನಿಗೆ ಕೈ ಸಿಕ್ಕಿತು, ನಾನು ಬಾಯಿ ಬೆಳೆಸಿಕೊಂಡೆ. ಆದರೂ ಮನೆಯಲ್ಲಿ ವಾದಕ್ಕೆ ನಿಂತರೆ ಗೆಲ್ಲುತ್ತಿದ್ದವ ಅವನೇ. ನಾನು ಹತ್ತು ಮಾತಾಡುವವರೆಗೆ ಹಲ್ಲುಕಡ್ಡಿ ಕಡಿಯುತ್ತ ಕೂತು, ಹನ್ನೊಂದನೆಯದನ್ನು ತಾನು ಆಡಿ ಎದ್ದು ಹೋಗುತ್ತಿದ್ದ.

ಕಾಯಿಲೆ ಬಂದದ್ದು ಅವನಿಗೆ ಇಪ್ಪತ್ತನಾಲ್ಕು ಇಪ್ಪತ್ತೈದು ಇದ್ದಾಗ. ಮೊದಲು ನಿದ್ದೆ ಹೋಯಿತು. ಆಮೇಲೆ ದೊಡ್ಡಿಯ ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನತೊಡಗಿದ. ಒಂದು ಮಧ್ಯಾಹ್ನ ಮಾರಾಟಕ್ಕೆ ನಿಲ್ಲಿಸಿದ್ದ ಕುರಿಯನ್ನೆಲ್ಲ ರಸ್ತೆಗೆ ಹೊಡೆದು ಬಿಟ್ಟುಬಿಟ್ಟ. ಆ ಧ್ವನಿ ಹೇಳಿತಂತೆ. ಅಡ್ಡ ಹೋದ ಅಪ್ಪನನ್ನು ದೂಡಿದ. ನಾಲ್ಕು ಜನ ಹಿಡಿದು ಜೀಪಿನಲ್ಲಿ ರಾಯಚೂರಿಗೆ ತಂದರು. ದೊಡ್ಡ ದವಾಖಾನೆಗೆ ನಾನು ಹಾಸ್ಟೆಲಿನಿಂದ ಓಡಿ ಹೋದೆ. ಮನಸ್ಸಿನ ಡಾಕ್ಟರು ಸೂಜಿ ಹಾಕಿ, ಕೆಲವು ದಿನ ಇಟ್ಟುಕೊಂಡು, ಜೋರಾದ ಗುಳಿಗೆ ಬರೆದುಕೊಟ್ಟರು. ಕಳಿಸುವಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇದು ಈಗಿನ ಬೆಂಕಿ ಆರಿಸೋದಕ್ಕೆ ಅಷ್ಟೇ. ಎರಡು ವಾರಕ್ಕೆ ವಾಪಸ್ ಕರ್ಕೊಂಡು ಬರ್ರಿ, ಇಳಿಸಬೇಕು."

ವಾಪಸ್ ಯಾರೂ ಬರಲಿಲ್ಲ. ನಾನು ಫೋನಿನಲ್ಲಿ ಕೇಳಿದಾಗೆಲ್ಲ ಅವ್ವ, "ತೋರಿಸಿಕೊಂಡು ಬಂದ್ವಿ, ಆರಾಮ ಅದಾನ," ಅನ್ನುತ್ತಿದ್ದಳು. ಎಲ್ಲಿ ತೋರಿಸಿದಳು, ಏನನ್ನು ತೋರಿಸಿದಳು ಅಂತ ಗೊತ್ತಾದದ್ದು ಬಹಳ ತಡವಾಗಿ.

ಮನೆಗೆ ಬಂದಾಗ ಅಣ್ಣ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ತುಟಿಯ ಅಂಚಿನಲ್ಲಿ ಒದ್ದೆ. ನಡೆದರೆ ತೋಳು ಬೀಸುತ್ತಿರಲಿಲ್ಲ. ಕರೆದರೆ ಮೊದಲು ಕಣ್ಣು ತಿರುಗುತ್ತಿತ್ತು, ಆಮೇಲೆ ಕುತ್ತಿಗೆ. ನೋಡಿದವರೆಲ್ಲ, "ಎಷ್ಟು ಶಾಂತ ಆಗ್ಯಾನ ನೋಡ್ರಿ," ಅನ್ನುತ್ತಿದ್ದರು. ಕುರಿ ಬಿಡಿಸಿದವ, ಅಪ್ಪನನ್ನು ದೂಡಿದವ ಈಗ ಹಾಕಿದ್ದು ತಿಂದು ಕೂತಲ್ಲೇ ಕೂತರೆ ಮನೆಯವರಿಗೆ ಅದು ಗುಣವಾದ ಹಾಗೆಯೇ. ನಾನು ಒಂದು ಸಲ ಬೇಕಂತಲೇ ಕೆಣಕಿದೆ. ದೇವರಿಲ್ಲ, ಅವ್ವ ನಿನ್ನ ತೋಳಿಗೆ ಕಟ್ಟಿದ ತಾಯತ ಬರೀ ದಾರ ಅಂದೆ. ಮೊದಲಾದರೆ ಒಂದೇ ಮಾತಿಗೆ ನನ್ನ ಸೊಕ್ಕು ಇಳಿಸುತ್ತಿದ್ದ. ಆವತ್ತು, "ಹೂಂ," ಅಂದ. ಎದುರಾಳಿಯೇ ಬರದೆ ಗೆದ್ದ ಪಂದ್ಯ. ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಆ ರಜೆಯಲ್ಲೇ ಅಪ್ಪ ಅವನನ್ನು ಸಂತೆಗೆ ಕರೆದುಕೊಂಡು ಹೋದ. ಬೆನ್ನಿಗೆ ನಾನೂ ಹೋದೆ, ಯಾರೂ ಕರೆಯದೆ. ಕವಿತಾಳದ ಗಿರಾಕಿಯೊಬ್ಬ ಎರಡು ಟಗರಿಗೆ ಮನಸ್ಸು ಮಾಡಿದ್ದ. ಅಪ್ಪ ತನ್ನ ಹೆಗಲ ಟವೆಲನ್ನು ಅಣ್ಣನ ಕೈ ಮೇಲೆ ಹಾಕಿ, "ಮೊದಲಿನಂಗ ಮಾಡಪ್ಪ," ಅಂದ. ಎಷ್ಟು ಮೆತ್ತಗೆ ಅಂದ! ನನಗೆ ಆ ದನಿಯಲ್ಲಿ ಅಪ್ಪ ಯಾವತ್ತೂ ಏನನ್ನೂ ಹೇಳಿಲ್ಲ.

ಗಿರಾಕಿ ಕೈ ತೂರಿಸಿದ. ಟವೆಲಿನ ಅಂಚು ನಡುಗತೊಡಗಿತು. ಗಾಳಿ ಇರಲಿಲ್ಲ. ಗಿರಾಕಿಯ ಹುಬ್ಬು ಮೇಲಕ್ಕೆ ಹೋಯಿತು, ಮತ್ತೆ ಕೆಳಕ್ಕೆ ಬಂತು, ಆಮೇಲೆ ಹಲ್ಲು ಕಿಸಿದು, "ಆತು, ಮುಗೀತು," ಅಂತ ಕೈ ಹೊರಗೆಳೆದು ಟಗರಿನ ಹಗ್ಗಕ್ಕೆ ಕೈ ಹಾಕಿದ. ಅವನು ಕಿವಿಯಲ್ಲಿ ಹೇಳಿದ ಬೆಲೆ ಕೇಳಿ ಅಪ್ಪ ಹೌಹಾರಿದ.

"ಅಷ್ಟಕ್ಕ ಯಾರು ಕೊಟ್ರು?"

"ನಿನ್ನ ಮಗ ಕೊಟ್ಟ. ಗೆಣ್ಣು ಗೆಣ್ಣು ಇಳಿಸಿಕೋತ ಬಂದ. ನಾ ಸುಮ್ನ ಹಿಡಕೊಂಡು ನಿಂತಿದ್ದೆ, ತಾನ ಇಳಿಸಿದ!"

ಅಣ್ಣ ಇಳಿಸಿರಲಿಲ್ಲ. ಅವನ ಬೆರಳು ತಾವಾಗೇ ಅದುರುತ್ತಿದ್ದವು. ಪ್ರತಿ ಅದುರನ್ನೂ ಗಿರಾಕಿ ಒಂದು ಮೆಟ್ಟಿಲು ಇಳಿದ ಹಾಗೆ ಓದಿಕೊಂಡಿದ್ದ. ಟವೆಲಿನ ಕೆಳಗೆ ಆದ ಮಾತನ್ನು ಮುರಿಯುವ ಹಾಗಿಲ್ಲ. ತಕರಾರು ಬೆಳೆಯಿತು, ಜನ ಸೇರಿದರು, ಯಾರೋ, "ತಲಿ ಸರಿ ಇಲ್ಲದವನ್ನ ಯಾಕ ನಿಲ್ಲಿಸಿದಿ?" ಅಂದರು. ಕೊನೆಗೆ ಟಗರು ಹೋದವು. ಅಪ್ಪ ಎಲ್ಲರೆದುರು ಅಣ್ಣನ ಕೈ ಮೇಲಿಂದ ಟವೆಲು ಎಳೆದುಕೊಂಡು ತನ್ನ ಹೆಗಲಿಗೆ ಹಾಕಿದ. ಅಣ್ಣ ಬರಿಗೈಯನ್ನು ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದ. ಬಿಸಿಲಿನಲ್ಲಿ ಅದು ನಡುಗುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದ.

ಮರುದಿನ ಗುಳಿಗೆ ತರಲು ಅವ್ವನ ಜೊತೆ ತಾಲೂಕು ದವಾಖಾನೆಗೆ ಹೋದೆ. ಆಗ ಗೊತ್ತಾಯಿತು ಇಲ್ಲಿನ ಪದ್ಧತಿ. ಅಣ್ಣ ಬರುತ್ತಲೇ ಇರಲಿಲ್ಲ. ಅವ್ವ ಹಳೆಯ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಳಗೆ ಒಬ್ಬರೇ ಡಾಕ್ಟರಮ್ಮ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಆ ಕಡೆ ಹೆರಿಗೆ ಕೋಣೆಯಿಂದ ಕೂಗು, ಈ ಕಡೆ ಚೇಳು ಕಡಿದ ಮುದುಕಿ.

"ಹೆಂಗದಾನ ಮಗ?"

"ಆರಾಮ್ರಿ ಯವ್ವಾ. ಸುಮ್ಮನ ಕುಂತಿರ್ತಾನ."

"ಜಗಳ? ಕೂಗಾಡೋದು?"

"ಏನಿಲ್ರಿ."

"ಹಂಗಾರ ಅದೇ ಗುಳಿಗಿ ಮುಂದುವರಸ್ರಿ." ಪೆನ್ನು ಆಗಲೇ ಓಡಿತ್ತು.

ನಾನು ಮೇಜು ಗುದ್ದಿದೆ. ಎರಡು ವಾರಕ್ಕೆ ಇಳಿಸಬೇಕಾದ ಔಷಧ ಒಂದೂವರೆ ವರ್ಷವಾದರೂ ಅದೇ ಅಳತೆಯಲ್ಲಿ ಹೊಟ್ಟೆಗೆ ಹೋಗುತ್ತಿದೆ, ಅವನ ಕೈ ನಡುಗುತ್ತದೆ, ಬಾಯಲ್ಲಿ ಜೊಲ್ಲು, ಇದನ್ನು ನೀವು ನೋಡಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಕಾದಿದ್ದೇ ಅದಕ್ಕೆ.

"ಹಂಗಾದ್ರ ಮುಖ ನೋಡದ ಕಟ್ಟೋ ತಾಯತಕ್ಕೂ, ಮುಖ ನೋಡದ ಬರಿಯೋ ಗುಳಿಗಿಗೂ ಏನ್ರಿ ಫರಕು?"

ಸಾಲಿನಲ್ಲಿದ್ದವರು ಇಣುಕಿದರು. ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುವ ಜಾಗ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಫರಕು ಅದ. ತಾಯತ ಬಿಚ್ಚಿದ್ರ ಏನೂ ಆಗಂಗಿಲ್ಲ. ಇದನ್ನ ಒಮ್ಮಿಗೇ ಬಿಚ್ಚಿದ್ರ ನಿಮ್ಮಣ್ಣ ಮತ್ತ ರಸ್ತೆಗೆ ಹೋಗಬಹುದು. ಇಳಸು ಅಂತಿ. ಎಷ್ಟು ಇಳಸಲಿ? ಎಷ್ಟು ದಿನಕ್ಕ? ನನಗ ಇದನ್ನ ಕಲಿಸಿದ್ದು ಕೆಲವೇ ವಾರ. ನಾ ಇಳಿಸಿ, ಅವ ಯಾರಿಗರ ಹೊಡದ್ರ ಇದೇ ಮೇಜಿಗೆ ಬಂದು ನೀನ ಗುದ್ದತಿ. ಶುರು ಮಾಡಿದವರು ರಾಯಚೂರಾಗ ಅದಾರ. ಅವರು ಬರದದ್ದನ್ನ ನಾ ಮುಟ್ಟಂಗಿಲ್ಲ."

"ಅವರು ಇಳಸ್ರಿ ಅಂದಿದ್ರು."

"ನನಗ ಅಂದಿದ್ರೇನು?"

ಅಂದಿರಲಿಲ್ಲ. ರಾಯಚೂರಿನವರು ಇವರಿಗೆ ಹೇಳಿಲ್ಲ, ಇವರು ರಾಯಚೂರಿನವರನ್ನು ಕೇಳಿಲ್ಲ, ನಡುವೆ ಅವ್ವ ಇವರಿಗೂ ನನಗೂ 'ಆರಾಮ ಅದಾನ' ಅನ್ನುವ ಒಂದೇ ಸುದ್ದಿ ಸಾಗಿಸಿದ್ದಾಳೆ. ಯಾರನ್ನು ಬೈಯಬೇಕೆಂದು ಹುಡುಕುತ್ತಿದ್ದ ನನಗೆ ಕಟಕಟೆ ಖಾಲಿ ಸಿಕ್ಕಿತು. ಆ ಡಾಕ್ಟರಮ್ಮನ ಮೇಲೂ ಹೊಟ್ಟೆಕಿಚ್ಚಾಯಿತು. ಅಷ್ಟು ಕಡಿಮೆ ಮಾತಿನಲ್ಲಿ ನನ್ನನ್ನು ಅಣ್ಣನ ನಂತರ ಸೋಲಿಸಿದವರು ಅವರೊಬ್ಬರೇ. ಅವರೇ ಫೋನು ತೆಗೆದು ಎಲ್ಲೆಲ್ಲೋ ವಿಚಾರಿಸಿದರು. ತಿಂಗಳಿಗೊಮ್ಮೆ ದೇವದುರ್ಗಕ್ಕೆ ಬರಬೇಕಾದ ಇನ್ನೊಬ್ಬ ಮನಸ್ಸಿನ ಡಾಕ್ಟರು ಈ ಸಲ ಬರುತ್ತಿಲ್ಲ, ಮಂಗಳವಾರ ಮಾನ್ವಿಗೆ ಬರುತ್ತಾರೆ. "ಚೀಟಿ ಒಯ್ಯಬ್ಯಾಡ್ರಿ ಮತ್ತ. ಹುಡುಗನ್ನ ಒಯ್ಯಿರಿ."

ಸೋಮವಾರವೆಲ್ಲ ನಾನು ತಯಾರಿ ನಡೆಸಿದೆ. ನನ್ನ ನಿಲುವು ಸ್ಪಷ್ಟವಿತ್ತು: ಗುಳಿಗೆ ಪೂರ್ತಿ ನಿಲ್ಲಿಸಬೇಕು. ಡಾಕ್ಟರಮ್ಮನ ಮಾತು ನನಗೆ ನೆವ ಅನ್ನಿಸಿತ್ತು. ಮನುಷ್ಯನನ್ನು ಕಲ್ಲು ಮಾಡಿ ಅದಕ್ಕೆ ಆರಾಮ ಅಂತ ಹೆಸರಿಡುವ ಔಷಧವನ್ನು ನಾನು ಯಾಕೆ ನಂಬಬೇಕು?

ಮಾನ್ವಿ ಬಸ್ಸಿನಲ್ಲಿ ಅವ್ವ ಮತ್ತು ಅಣ್ಣನಿಗೆ ಸೀಟು ಸಿಕ್ಕಿತು, ನನಗೆ ಕಂಬ. ಅವ್ವ ದಾರಿಯುದ್ದ ಅವನ ಮುಂಗೈ ಹಿಡಿದೇ ಇದ್ದಳು. ಸಿರವಾರದಲ್ಲಿ ಬಸ್ಸು ನಿಂತಾಗ ಕಿಟಕಿಯಲ್ಲಿ ಬಾಳೆಹಣ್ಣು ಕೊಂಡು, ಸುಲಿದು ಅವನ ಬಾಯಿಗೆ ಹಿಡಿದಳು. ಉಳಿದದ್ದನ್ನು ಚೀಲಕ್ಕೆ ಹಾಕಿದ ಮೇಲೆ ನನ್ನ ಕಡೆ ನೋಡಿ, "ನಿನಗೂ ಬೇಕೇನು?" ಅಂದಳು.

"ಬ್ಯಾಡ."

"ಬೇಕಿದ್ರ ಬಾಯಿ ಬಿಟ್ಟು ಕೇಳಬೇಕವ್ವ. ಅವಗಾದ್ರ ಕೇಳಾಕ ಬರಂಗಿಲ್ಲ."

ಮಾನ್ವಿ ದವಾಖಾನೆಯಲ್ಲಿ ಮನಸ್ಸಿನ ಡಾಕ್ಟರಿಗೆ ಕೊಟ್ಟಿದ್ದು ಕಣ್ಣು ಪರೀಕ್ಷೆಯ ಕೋಣೆ. ಗೋಡೆಯ ಮೇಲೆ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಹಾಳೆ. ಹೊರಗೆ ಸಾಲು ಗೇಟಿನವರೆಗೆ ಹೋಗಿತ್ತು. ನಮ್ಮ ಮುಂದೆ ಕುರ್ಡಿಯಿಂದ ಬಂದ ಮುದುಕನೊಬ್ಬ ಹೆಂಡತಿಯನ್ನು ಕರೆತಂದಿದ್ದ; ಆಕೆ ನಮ್ಮಣ್ಣನ ಹಾಗೆಯೇ ತೋಳು ಬೀಸದೆ ನಡೆಯುತ್ತಿದ್ದಳು. ಅವ್ವ ಅದನ್ನು ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು.

ಒಳಗೆ ಹೋದ ಕೂಡಲೇ ಅವ್ವ ರೂಢಿಯ ಪ್ರಕಾರ ಶುರುಮಾಡಿದಳು, "ಆರಾಮ ಅದಾನ್ರಿ..." ನಾನು ಅರ್ಧಕ್ಕೇ ಹಿಡಿದು ನನ್ನ ವಾದ ಬಿಚ್ಚಿದೆ. ಮೊದಲನೆಯದಾಗಿ, ಎರಡನೆಯದಾಗಿ. ಡಾಕ್ಟರು ದಣಿದ ಮನುಷ್ಯ, ಆದರೆ ಕೇಳಿಸಿಕೊಂಡರು. ಕೇಳುತ್ತಲೇ ಅಣ್ಣನ ಕಡೆ ತಿರುಗಿ, "ಕೈ ಚಾಚು," ಅಂದರು. ಅವನು ಚಾಚಿದ. ಅವರು ಮೊಣಕೈ ಮಡಿಸಿ ಬಿಡಿಸಿ ನೋಡಿದರು.

"ನಿನಗೇನು ಬೇಕಪ್ಪ?"

ಅಣ್ಣ ಬಾಯಿ ತೆರೆದ. ಹೊರಗೆ ಸಾಲು ಗದ್ದಲ ಮಾಡುತ್ತಿತ್ತು. ಅವನ ಪರವಾಗಿ ನಾನು, "ಬಂದ್ ಮಾಡಬೇಕು ಸರ್. ಪೂರ್ತಿ," ಅಂದೆ.

"ಲೇ," ಅಂದ ಅಣ್ಣ. "ನೀ ಬಾಯಿ ಮುಚ್ಚು."

ಒಂದೂವರೆ ವರ್ಷದಲ್ಲಿ ಅವನು ನನಗೆ ತಾನಾಗಿ ಆಡಿದ ಮೊದಲ ಮಾತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಅವನು ಮಾತಾಡಿದ. ಒಂದೊಂದು ಮಾತಿನ ನಡುವೆ ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು. ಡಾಕ್ಟರು ಗಡಿಯಾರ ನೋಡಲಿಲ್ಲ, ಅದಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

"ಪೂರ್ತಿ ಬಂದ್ ಮಾಡಬ್ಯಾಡ್ರಿ. ಈಕಿ ಆ ಧ್ವನಿ ಕೇಳಿಲ್ಲ. ನಾ ಕೇಳೀನಿ. ಅದು ಮತ್ತ ಹಂಗ ಬರಬಾರದು." ಸ್ವಲ್ಪ ಉಸಿರು ತೆಗೆದುಕೊಂಡ. "ಆದ್ರ ಇಷ್ಟೂ ಬ್ಯಾಡ್ರಿ. ನನಗ ಕೈ ಬೇಕು. ಸಣ್ಣಗ ಒಂದಿಷ್ಟು ಧ್ವನಿ ಉಳದ್ರೂ ನಡೀತದ. ಅದನ್ನ ನಾ ತಡಕೋತೀನಿ. ಕೈ ಇಲ್ದ ನಡಿಯಂಗಿಲ್ಲ."

ಕೋಣೆಯಲ್ಲಿ ಚೌಕಾಸಿ ನಡೆಯುತ್ತಿತ್ತು. ಇಷ್ಟು ನೀ ಬಿಡು, ಇಷ್ಟು ನಾ ಬಿಡುತ್ತೇನೆ. ಟವೆಲೊಂದು ಇರಲಿಲ್ಲ. ನಾನು ಕಲಿತ ಚರ್ಚೆಯಲ್ಲಿ ಪರ ಇತ್ತು, ವಿರೋಧ ಇತ್ತು. ನಡುವಿನ ಬೆಲೆಯೊಂದನ್ನು ಹೇಳಿ ಎದುರಿನವರ ಕೈ ಹಿಡಿಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಡಾಕ್ಟರ ಮುಖದಲ್ಲಿ ಮೊದಲ ಸಲ ನಗು ಬಂತು.

"ಇಷ್ಟು ಖಡಕ್ಕಾಗಿ ಯಾವ ಪೇಷಂಟೂ ನನಗೆ ಹೇಳಿಲ್ಲ," ಅಂದರು, ಅವನಿಗೆ. ನನ್ನ ಎರಡು ಅಂಶಗಳು, ಮೂರನೆಯದು ಇನ್ನೂ ಬಾಯಲ್ಲೇ, ಅಲ್ಲೇ ಕುಳಿತಿದ್ದವು. ಒಂದೂವರೆ ವರ್ಷ ಬಾಯಿ ಕಟ್ಟಿದ ಮನುಷ್ಯ, ಜೊಲ್ಲು ಒರೆಸಿಕೊಳ್ಳುತ್ತ, ನಾನು ದಿನವಿಡೀ ಕಟ್ಟಿದ ವಾದವನ್ನು ನಾಲ್ಕು ಮಾತಿನಲ್ಲಿ ಮೂಲೆಗೆ ಸರಿಸಿದ್ದ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೇ.

ಡಾಕ್ಟರು ಗುಳಿಗೆಯನ್ನು ಮೆಲ್ಲಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಬರೆದರು. ದೇವದುರ್ಗದ ಡಾಕ್ಟರಮ್ಮನಿಗೆ ನಮ್ಮೆದುರೇ ಫೋನು ಮಾಡಿ, ಎಷ್ಟು, ಯಾವಾಗ, ಏನು ಕಂಡರೆ ಇಳಿಸುವುದನ್ನು ನಿಲ್ಲಿಸಬೇಕು ಅಂತ ಹೇಳಿದರು. ಆ ಕಡೆಯಿಂದ ಡಾಕ್ಟರಮ್ಮ ಒಂದೊಂದನ್ನೂ ಎರಡೆರಡು ಸಲ ಕೇಳಿ ಬರೆದುಕೊಳ್ಳುವುದು ನಮಗೆ ಕೇಳಿಸುತ್ತಿತ್ತು. ಕೊನೆಗೆ ಡಾಕ್ಟರು ಅವ್ವನಿಗೆ, "ಇನ್ನು ಮೇಲೆ ಇವನೇ ಹೋಗಬೇಕು. ಆರಾಮ ಇದ್ದಾನೋ ಇಲ್ಲವೋ ಇವನೇ ಹೇಳಲಿ," ಅಂದರು.

ಇಳಿಸುವುದು ಸುಲಭವಾಗಿ ಆಗಲಿಲ್ಲ. ನಡುವೆ ಒಂದು ವಾರ ನಿದ್ದೆ ಕೆಟ್ಟಿತು, ಅವ್ವ ಹೆದರಿ ಹಳೆಯ ಅಳತೆಗೇ ಹೋಗೋಣ ಅಂತ ಅತ್ತಳು. ಅಣ್ಣ ತಾನೇ ದವಾಖಾನೆಗೆ ನಡೆದು, ಡಾಕ್ಟರಮ್ಮನ ಮುಂದೆ ಕೂತು, "ಸಣ್ಣಗ ಕೇಳಸಾಕತ್ತದ. ಇಲ್ಲಿಗೆ ನಿಲ್ಲಸ್ರಿ, ಕೆಳಗ ಬ್ಯಾಡ," ಅಂದು ಬಂದ. ಅಲ್ಲಿಗೇ ನಿಲ್ಲಿಸಿದರು. ತುಟಿಯ ಒದ್ದೆ ಹೋಯಿತು. ತೋಳು ಬೀಸತೊಡಗಿತು. ಕೈ ಒಂದಿಷ್ಟು ನಡುಕ ಉಳಿಸಿಕೊಂಡಿತು, ದಣಿದಾಗ ಅದುರುತ್ತದೆ.

ಮುಂದಿನ ರಜೆಗೆ ಹೊರಟೆ. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಅವ್ವನ ಫೋನು: "ಇವತ್ತು ಸಂತಿಗೆ ಹೋಗ್ಯಾನ. ನಿಮ್ಮಪ್ಪ ತಾನ ಕರ್ಕೊಂಡು ಹೋದ." ನಾನು ಮನೆಗೆ ಹೋಗದೆ ಸೀದಾ ಸಂತೆಗೆ ಇಳಿದೆ.

ಅಪ್ಪ ಟವೆಲನ್ನು ಅಣ್ಣನ ಕೈ ಮೇಲೆ ಹಾಕುವುದನ್ನು ದೂರದಿಂದ ನೋಡಿದೆ. ಆ ಕೈಗೋಸ್ಕರ ಮೇಜು ಗುದ್ದಿದವಳು ನಾನು. ಮಾನ್ವಿಯವರೆಗೆ ಕಂಬ ಹಿಡಿದು ನಿಂತವಳು ನಾನು. ಟವೆಲು ಮಾತ್ರ ಅವನಿಗೇ ಹೋಯಿತು. ಯಾಕೆ ಹೋಗಬಾರದು ಅಂತ ಒಂದು ಕಾರಣವನ್ನೂ ನಾನು ಕೊಡಲಾರೆ, ಆದರೂ ಹೊಟ್ಟೆ ಉರಿಯಿತು. ಟವೆಲಿನ ಅಂಚು ಒಮ್ಮೆ ಅದುರಿತು. ಅಪ್ಪ ಉಸಿರು ಹಿಡಿದ. ಅಣ್ಣ ಗಿರಾಕಿಗೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅದು ರೇಟಲ್ಲ ಮಾವ, ಗುಳಿಗಿ. ನಾ ಒತ್ತಿ ಹಿಡದದ್ದಷ್ಟ ಲೆಕ್ಕಕ್ಕ ತಗೋ." ಗಿರಾಕಿ ಗಹಗಹಿಸಿ ನಕ್ಕ. ವ್ಯಾಪಾರ ಕುದುರಿತು. ಅಪ್ಪ ಬೆಲೆ ಕೇಳಿ ತಲೆಯಾಡಿಸಿದ, ಒಮ್ಮೆಯಲ್ಲ, ಎರಡು ಮೂರು ಸಲ.

ಮನೆಗೆ ಹೋಗುವ ಟಂಟಂ ಗಾಡಿಯಲ್ಲಿ ನಾನು ಮುಖ ಗಂಟು ಹಾಕಿ ಕೂತಿದ್ದೆ. ಅಣ್ಣ ಟವೆಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿ, ಒಳಗೆ ನನ್ನ ಬೆರಳು ಹಿಡಿದ. ಎರಡು ಬೆರಳು, ಆಮೇಲೆ ಒಂದು ಗೆಣ್ಣು, ಆಮೇಲೆ ಅಂಗೈ ಪೂರ್ತಿ. ಎದುರಿಗೆ ಕೂತ ಅಪ್ಪ ನೋಡಿದ, ಬೇಡ ಅನ್ನಲಿಲ್ಲ.

"ಏನು? ಎಷ್ಟು ಅಂದಿ?"

ಹಲ್ಲುಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ. "ಮೂರು ಜಿಲ್ಲಾ ಗೆದ್ದಾಕಿ ನೀನು. ನನ್ನ ಕೇಳ್ತಿಯೇನು?"

"ಹೇಳೋ!"

ಮತ್ತೊಮ್ಮೆ ಅದನ್ನೇ ಒತ್ತಿದ, ನಿಧಾನವಾಗಿ, ದಡ್ಡ ಹುಡುಗಿಗೆ ಹೇಳಿಕೊಡುವ ಹಾಗೆ. ಮನೆ ಬರುವವರೆಗೂ ನಾನು ಕೈ ಹೊರಗೆ ತೆಗೆಯಲಿಲ್ಲ.